ಆಪರೇಷನ್‌ಗೆ ಮುದ್ದೆ ಉಂಡು ಬಂದವಳು

ಆಸ್ಪತ್ರೆ ಅಂದ್ರೆ ಬರೀ ಅಳು ಅಂದುಕೊಂಡವರು ಒಂದು ವಾರ ನಮ್ಮ ವಾರ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡಬೇಕಿತ್ತು. ಅಳೋದಕ್ಕೆ ಅಂತ ಬಾಯಿ ತೆರೆದವರೇ ನಮ್ಮನ್ನ ನಗಿಸಿ ಹೋಗೋರು. ನಗಬಾರದ ಹೊತ್ತಿಗೇ ನಗು ಬರೋದು, ಅದೇ ಅದರ ದರಿದ್ರ ಗುಣ. ನಾನಂತೂ ಎಷ್ಟೋ ಸಲ ಡ್ರೆಸ್ಸಿಂಗ್ ರೂಮಿಗೆ ಓಡಿಹೋಗಿ, ಹತ್ತಿ ಡಬ್ಬದ ಮುಂದೆ ನಿಂತು ನಕ್ಕು, ಕಣ್ಣು ಒರೆಸಿಕೊಂಡು ವಾಪಸ್ ಬಂದಿದ್ದೀನಿ. ಕಣ್ಣು ಒರೆಸಿಕೊಂಡಿದ್ದು ನೋಡಿ ರೋಗಿ ಕಡೆಯವರು, "ಪಾಪ, ಸಿಸ್ಟ್ರಮ್ಮಂದು ಬಲು ಮೆತ್ತನೆ ಮನಸ್ಸು" ಅನ್ನೋರು. ನನ್ನ ಮನಸ್ಸು ಎಷ್ಟು ಮೆತ್ತಗೆ ಅಂತ ನನ್ನ ಗಂಡನ್ನ ಕೇಳಬೇಕು.

ನಾನು ಮೊಳಕಾಲ್ಮುರಿನವಳು. ನರ್ಸಿಂಗ್ ಓದು ಮುಗಿಸಿ ಚಳ್ಳಕೆರೆಯ ಒಂದು ಸಣ್ಣ ಖಾಸಗಿ ನರ್ಸಿಂಗ್ ಹೋಮಿಗೆ ಸೇರಿದೆ. ಎಸ್‌ಟಿಡಿ ಬೂತುಗಳ ಕಾಲ ಅದು. ಕೆಳಗೆ ವಾರ್ಡು, ಮೇಲೆ ಆಪರೇಷನ್ ಥಿಯೇಟರು. ಲಿಫ್ಟ್ ಅನ್ನೋದು ಇಲ್ಲ, ರೋಗಿಯನ್ನ ಸ್ಟ್ರೆಚರ್ ಮೇಲೆ ಮಲಗಿಸಿ ಮೆಟ್ಟಿಲು ಹತ್ತಿಸಬೇಕು. ಕೊಯ್ಯೋ ಡಾಕ್ಟರು ನಮ್ಮಲ್ಲೇ ಇದ್ರು, ನರ್ಸಿಂಗ್ ಹೋಂ ಅವರದ್ದೇ. ಮತ್ತಿನ ಸೂಜಿ ಕೊಡೋ ಡಾಕ್ಟರು ಮಾತ್ರ ಚಿತ್ರದುರ್ಗದಿಂದ ಬಸ್ಸಲ್ಲಿ ಬರಬೇಕು, ಅದೂ ಗುರುವಾರ ಮಾತ್ರ. ಅಂದಮೇಲೆ ನಮ್ಮಲ್ಲಿ ದೊಡ್ಡ ಆಪರೇಷನ್ ಅಂದ್ರೆ ಗುರುವಾರ. ಗುರುವಾರ ತಪ್ಪಿದರೆ ಇನ್ನೊಂದು ಗುರುವಾರದವರೆಗೂ ರೋಗಿ, ರೋಗ ಎರಡೂ ಕಾಯಬೇಕು. ರೋಗ ಕಾಯುತ್ತೋ ಇಲ್ವೋ ಅನ್ನೋದೇ ನಮ್ಮ ತಲೆನೋವು.

ಹಿಂದಿನ ದಿನ ರೋಗಿಗೆ ಬುದ್ಧಿ ಹೇಳೋದು ನನ್ನ ಕೆಲಸ. ಊಟ ಬೇಡ, ನೀರು ಬೇಡ, ಒಡವೆ ಬಿಚ್ಚಿಡ್ರಿ, ಸ್ನಾನ ಮಾಡ್ರಿ, ಹೆದರಬೇಡ್ರಿ. ಇಷ್ಟೇ. ಈ ಇಷ್ಟೇ ಮಾತಿಗೆ ಬರೋ ಪ್ರಶ್ನೆಗಳಿಗೆ ಉತ್ತರ ಕೊಡ್ತಾ ಕೊಡ್ತಾ ನನ್ನ ತಲೆ ಬೆಳ್ಳಗಾಯ್ತು. ಎಲ್ಲರದ್ದೂ ಹೇಳೋಕೆ ಹೋದ್ರೆ ಬೆಳಗಾಗುತ್ತೆ. ಒಬ್ಬಳದ್ದು ಹೇಳ್ತೀನಿ. ನನ್ನಿವಾಳದ ಕಡೆಯ ಕುರಿ ಸಾಕೋ ಮನೆತನದವಳು. ಹೆಸರು ಬೇಡ. ನಾವೆಲ್ಲ ಕುರಿ ಅಕ್ಕ ಅಂತಿದ್ವಿ, ಅವಳೂ "ಓ" ಅಂತಿದ್ಲು.

ಡಾಕ್ಟರ ಬಾಯಿ

ನಮ್ಮ ಡಾಕ್ಟರ ಕೈ ಬಂಗಾರ, ಬಾಯಿ ಬೇವು. ಅವರು ಹೊಲಿಗೆ ಹಾಕಿದ ಗಾಯ ಬೇಗ ಮಾಯೋದು, ಅವರು ಆಡಿದ ಮಾತು ಮಾಯ್ತಿರಲಿಲ್ಲ. ಹೊರಗಿನಿಂದ ಬಂದವರು, ನಮ್ಮ ಕಡೆಯ ಎಣ್ಣೆ ಕಾಳಿನ ಧೂಳಿಗೂ ಹೊಂದಿಕೊಂಡಿದ್ರು, ಬಿಸಿಲಿಗೂ ಹೊಂದಿಕೊಂಡಿದ್ರು, ಜನರ ಪ್ರಶ್ನೆಗಳಿಗೆ ಮಾತ್ರ ಹೊಂದಿಕೊಳ್ಳಲಿಲ್ಲ. ಒಂದು ಸಲ ಶೇಂಗಾ ಮಿಲ್ಲಿನ ಸಾಹುಕಾರರೊಬ್ಬರು ಮೂಲವ್ಯಾಧಿ ಆಪರೇಷನ್‌ಗೆ ಬಂದಿದ್ರು. ಊರಲ್ಲಿ ಹುಲಿ, ಮೇಜಿನ ಮೇಲೆ ಇಲಿ. ಬೋರಲು ಮಲಗಿಕೊಂಡು ನಡುಗ್ತಾ, "ಡಾಕ್ಟ್ರೇ, ನೋವಾಗುತ್ತಾ?" ಅಂದ್ರು.

"ನನಗಾ? ಇಲ್ಲ" ಅಂದ್ರು ಡಾಕ್ಟರು.

ಇಂಥವರ ಮುಂದೆ ಕುರಿ ಅಕ್ಕನ್ನ ಅವಳ ಗಂಡ ಕರ್ಕೊಂಡು ಬಂದ. ಹೊಟ್ಟೆ ನೋಡಿದ್ರೆ ದಿನ ತುಂಬಿದ ಬಸುರಿ ಹಂಗೆ. ಬಾಕಿ ಮೈಯೆಲ್ಲ ಕಡ್ಡಿ. ಮದುವೆಗೆ ಬಂದ ಮಗಳಿದ್ದಾಳೆ, ಈ ವಯಸ್ಸಲ್ಲಿ ಇದೇನು ಅಂತ ಊರವರು ಆಡಿಕೊಂಡಿದ್ರಂತೆ. ಅವಳು ಮೊದಮೊದಲು ಗ್ಯಾಸು ಅಂದುಕೊಂಡು ಅಜವಾನ ತಿಂದಳಂತೆ. ಡಾಕ್ಟರು ದುರ್ಗಕ್ಕೆ ಕಳಿಸಿ ಸ್ಕ್ಯಾನಿಂಗ್ ಮಾಡಿಸಿದ್ರು. ಆ ಫಿಲ್ಮನ್ನ ಬೆಳಕಿಗೆ ಹಿಡಿದು ಗಂಡನ ಕಡೆ ತಿರುಗಿ ಹೇಳಿದ್ರು: "ಅಂಡಾಶಯದಲ್ಲಿ ಗಡ್ಡೆ ಇದೆ. ಕುಂಬಳಕಾಯಿ ಗಾತ್ರ. ಅದರ ತೊಟ್ಟು ತಿರುಚಿಕೊಂಡ್ರೆ ಇವಳ ಕಥೆ ಮುಗೀತು. ಬೇಗ ತೆಗೀಬೇಕು."

ಗಂಡ ರುಮಾಲು ಕೈಯಲ್ಲಿ ಹಿಡ್ಕೊಂಡು ನೆಲ ನೋಡ್ತಾ ನಿಂತ. ಮೇಜಿನ ಮೇಲೆ ಮಲಗಿದ್ದ ಅವಳೇ ಕೇಳಿದಳು: "ತೆಗೀದಿದ್ರೆ ಏನಾಗ್ತೈತೆ ಸಾಮಿ?"

"ಸಾಯ್ತೀಯ."

"ತೆಗೆದ್ರೆ ಸಾಯಲ್ವಾ?"

"ಅದು ಹೊಟ್ಟೆ ಬಿಚ್ಚಿದ ಮೇಲೆ ಗೊತ್ತಾಗೋದು. ಈಗ ಹೇಳೋಕಾಗಲ್ಲ."

ಬೇರೆಯವರಾಗಿದ್ರೆ ಅಲ್ಲೇ ಅತ್ತುಬಿಡೋರು. ನನಗೂ ಡಾಕ್ಟರ ಮೇಲೆ ಎಂಥಾ ಸಿಟ್ಟು ಬಂತು ಅಂದ್ರೆ, ಕೈಯಲ್ಲಿದ್ದ ಟ್ರೇನ ಟೇಬಲ್ ಮೇಲೆ ಕುಕ್ಕಿದೆ. ಅವಳು ಮಾತ್ರ ಎದ್ದು ಕೂತು ಸೆರಗು ಸರಿ ಮಾಡಿಕೊಂಡಳು.

"ಸಾಯೋದನ್ನ ಗ್ಯಾರಂಟಿ ಹೇಳ್ತೀರಿ, ಬದುಕೋದನ್ನ ಹೇಳೋಕಾಗಲ್ಲ ಅಂತೀರಿ. ನಿಮಗಿಂತ ನಮ್ಮೂರಿಗೆ ಬರೋ ಕಣಿ ಹೇಳೋಳೇ ವಾಸಿ ಬಿಡ್ರಿ ಸಾಮಿ, ಅವಳು ಉಲ್ಟಾ ಹೇಳ್ತಾಳೆ."

ಎಡಕ್ಕೆ ಬಿದ್ದ ಹೂವು

ಗುರುವಾರ ಬಾ ಅಂದ್ರು ಡಾಕ್ಟರು. ಗಂಡ ತನ್ನ ಅವ್ವನ್ನ ಕೇಳಬೇಕು ಅಂದ. ಅವ್ವ ದೇವರನ್ನ ಕೇಳಬೇಕು ಅಂದಳಂತೆ. ನಮ್ಮ ಕಡೆ ಹಂಗೇ, ಒಂದು ತೀರ್ಮಾನ ಆಗಬೇಕು ಅಂದ್ರೆ ಅದು ಬಹಳ ಮೇಲಿನವರೆಗೂ ಹೋಗಿ ಬರಬೇಕು.

ಗುರುವಾರ ಬಂತು, ಇವರು ಬರಲಿಲ್ಲ. ಅದರ ಮುಂದಿನ ಸೋಮವಾರ ಮೂವರೂ ಬಂದ್ರು. ಗಂಡ, ಹೆಂಡತಿ, ಅವರ ಮುಂದೆ ಕೋಲು ಊರಿಕೊಂಡು ಅತ್ತೆ. ಈ ಅತ್ತೆ ಗಡಿಯಾಚೆ ರಾಯದುರ್ಗದ ಕಡೆಯಿಂದ ಸೊಸೆಯಾಗಿ ಬಂದ ಮುದುಕಿ. ಮಾತು ಕನ್ನಡ, ಬೈಗುಳ ತೆಲುಗು. ಅಜ್ಜಿ ಕನ್ನಡದಲ್ಲಿ ಬೈದ್ರೆ ಸುಮ್ಮನೆ ಬೈದಂಗೆ, ತೆಲುಗಿಗೆ ಇಳಿದಳು ಅಂದ್ರೆ ಎದ್ದು ಓಡಬೇಕು.

"ಆಪ್ರೇಷನ್ ಬ್ಯಾಡ ಅಂತ ಹೇಳೋಕ್ ಬಂದ್ವಿ," ಅಂದಳು ಅಜ್ಜಿ. "ದೇವರು ಅಪ್ಪಣೆ ಕೊಡಲಿಲ್ಲ. ನೀವು ದಾರಿ ಕಾಯ್ತೀರೇನೋ ಅಂತ ಹೇಳಿಹೋಗೋಣ ಅಂತ."

ವಿಷಯ ಏನಂದ್ರೆ, ದೇವರ ವಿಗ್ರಹದ ಮೇಲೆ ಹೂವಿಟ್ಟು ಕೇಳಿದ್ದಾರೆ. ಬಲಕ್ಕೆ ಬಿದ್ದರೆ ಆಗಲಿ ಅಂತ, ಎಡಕ್ಕೆ ಬಿದ್ದರೆ ಬೇಡ ಅಂತ. ಹೂವು ಎಡಕ್ಕೆ ಬಿದ್ದುಬಿಟ್ಟಿದೆ. ಸೊಸೆ ಬೆಂಚಿನ ಮೇಲೆ ಹೊಟ್ಟೆ ಹಿಡ್ಕೊಂಡು ಕೂತಿದ್ದಳು. ವಾರದೊಳಗೇ ಇನ್ನೂ ಇಳಿದುಹೋಗಿದ್ದಳು, ಹೊಟ್ಟೆ ಮಾತ್ರ ಇಳಿದಿರಲಿಲ್ಲ. ನನಗೆ ಹೊಟ್ಟೆ ಉರಿದುಹೋಯ್ತು. ಇಷ್ಟು ದೂರ ಬಸ್ಸಲ್ಲಿ ಕುಲುಕಿಸಿಕೊಂಡು ಕರ್ಕೊಂಡು ಬಂದಿದ್ದಾರೆ, ಯಾಕೆ ಅಂದ್ರೆ ಬರಲ್ಲ ಅಂತ ಹೇಳೋಕೆ!

ದೇವರ ಜೊತೆ ಜಗಳ ಆಡೋಕಾಗುತ್ತಾ? ನಾನು ಅಜ್ಜಿ ಪಕ್ಕ ಕೂತೆ. "ಅಜ್ಜೀ, ದೇವರನ್ನ ಏನಂತ ಕೇಳಿದ್ರಿ?"

"ಗಡ್ಡೆ ವಿಷಯಕ್ಕೆ ಏನ್ ಮಾಡಾಣ ಅಂತ ಕೇಳಿದ್ವಿ."

"ಆಪರೇಷನ್ ಮಾಡಿಸ್ಬೇಕಾ ಬೇಡವಾ ಅಂತ ಕೇಳಿದ್ರಾ?"

"ಆಪ್ರೇಷನ್ ಅನ್ನೋ ಮಾತು ದೇವರ ಮುಂದೆ ಆಡ್ತಾರಾ? ಮೈಲಿಗೆ ಮಾತು. ಗಡ್ಡೆ, ಗಡ್ಡೆ ಅಂತ ಕೇಳಿದ್ವಿ."

ನಾನು ಎದ್ದು ಹೋಗಿ ಸ್ಕ್ಯಾನಿಂಗ್ ಫಿಲ್ಮು ತಂದು ಕಿಟಕಿಗೆ ಹಿಡಿದೆ. "ನೋಡಜ್ಜೀ, ಗಡ್ಡೆ ಇರೋದು ಎಡಕ್ಕೆ. ದೇವರು ಬೇಡ ಅನ್ನಲಿಲ್ಲ. ಗಡ್ಡೆ ಯಾವ ಕಡೆ ಐತೆ ಅಂತ ತೋರಿಸ್ತು. ನೀನೇ ತಪ್ಪು ತಿಳ್ಕೊಂಡು ದೇವರ ಮೇಲೆ ಹಾಕ್ತೀಯಾ?"

ಅಜ್ಜಿ ಫಿಲ್ಮು ನೋಡಿದಳು, ನನ್ನ ನೋಡಿದಳು, ಸೊಸೆಯ ಹೊಟ್ಟೆ ನೋಡಿದಳು. ಎರಡೂ ಕೈ ಎತ್ತಿ, "ನಾ ತಲ್ಲೀ! ನನ್ನ ತಾಯೀ!" ಅಂತ ಅಲ್ಲಿಂದಲೇ ಊರ ದಿಕ್ಕಿಗೆ ಕೈ ಮುಗಿದಳು. ಮಗನಿಗೆ ಒಂದು ತಿವಿದಳು, "ಕೇಳ್ದ್ಯೇನಲೇ! ಎಡಕ್ಕೇ ತೋರಿಸ್ತು!" ಅಂತ. ಆಪರೇಷನ್ ಗುರುವಾರಕ್ಕೆ ಗೊತ್ತಾಯ್ತು.

ಸಂಜೆ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಬೈತಾರೇನೋ ಅಂದುಕೊಂಡಿದ್ದೆ. ಅವರು ಫೈಲಿನಿಂದ ತಲೆ ಎತ್ತಲೇ ಇಲ್ಲ.

"ಮುಂದಿನ ಸಲ ಯಾರನ್ನೂ ಸ್ಕ್ಯಾನಿಂಗ್‌ಗೆ ದುರ್ಗಕ್ಕೆ ಕಳಿಸೋದು ಬೇಡ ಸಿಸ್ಟರ್. ನೇರ ಇವರ ಊರಿಗೇ ಕಳಿಸಿ."

ಮುದ್ದೆ

ಬುಧವಾರ ಮಧ್ಯಾಹ್ನ ಬಂದ್ರು. ವಾರ್ಡಲ್ಲಿ ಹಾಸಿಗೆ ಖಾಲಿ ಇರಲಿಲ್ಲ, ಚಳ್ಳಕೆರೆಯಲ್ಲೇ ನೆಂಟರ ಮನೆ ಐತೆ, ಅಲ್ಲಿರ್ತೀವಿ ಅಂದ್ರು. ಗಂಡನ್ನ, ಹೆಂಡತಿಯನ್ನ ಮುಂದೆ ನಿಲ್ಲಿಸಿಕೊಂಡು ನನ್ನ ಪಾಠ ಶುರು ಮಾಡಿದೆ. ರಾತ್ರಿ ಊಟ ಆದಮೇಲೆ ಏನೂ ಬಾಯಿಗೆ ಹಾಕಬಾರದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು.

"ಅನ್ನ ತಿನ್ನಬಾರದು," ಅಂದ ಗಂಡ, ಬಹಳ ಗಂಭೀರವಾಗಿ.

"ಏನೂ ತಿನ್ನಬಾರದು."

"ರೊಟ್ಟಿ?"

"ಬೇಡ."

"ಮಜ್ಜಿಗೆ?"

"ಅಣ್ಣಾ, ನೀರೂ ಬೇಡ ಅಂದ್ನಲ್ಲ."

"ಎಲೆ ಅಡಿಕೆ?"

"ಬೇಡ."

"ಬೀಡಿ?"

"ಅವಳು ಬೀಡಿ ಸೇದ್ತಾಳಾ?"

"ಇಲ್ಲ. ನನಗೆ."

ನೀನು ಏನಾದ್ರೂ ಸೇದು, ಅವಳಿಗೆ ಮಾತ್ರ ಏನೂ ಕೊಡಬೇಡ ಅಂದೆ. ಯಾಕೆ ಅಂತಲೂ ಹೇಳಿದೆ. ಮತ್ತಿನ ಸೂಜಿ ಕೊಟ್ಟಾಗ ಹೊಟ್ಟೆಯಲ್ಲಿ ಊಟ ಇದ್ದರೆ ವಾಂತಿಯಾಗಿ ಉಸಿರಿನ ಕೊಳವೆಗೆ ಹೋಗಬಹುದು, ಜೀವಕ್ಕೇ ಬರುತ್ತೆ ಅಂತ. ಗಂಡ ತಲೆ ಆಡಿಸಿದ. ಅವಳೂ ತಲೆ ಆಡಿಸಿದಳು. ಅಜ್ಜಿ ಆಗ ಹೊರಗೆ ಅಂಗಡಿಯಲ್ಲಿ ಹೊಗೆಸೊಪ್ಪು ತಗೊಳ್ಳೋಕೆ ಹೋಗಿದ್ದಳು.

ಗುರುವಾರ ಬೆಳಗ್ಗೆ ಥಿಯೇಟರ್ ತಯಾರು. ದುರ್ಗದಿಂದ ಮತ್ತಿನ ಡಾಕ್ಟರು ಬಸ್ಸಿಳಿದು ಬಂದು, ಕೈ ತೊಳೆದು, ಸಂಪ್ರದಾಯಕ್ಕೆ ಅನ್ನೋ ಹಾಗೆ ಕೇಳಿದ್ರು: "ಏನಮ್ಮ, ಬೆಳಗ್ಗೆಯಿಂದ ಏನೂ ತಿಂದಿಲ್ಲ ತಾನೆ?"

"ನಾನೇನೂ ತಿಂದಿಲ್ಲ ಸಾಮಿ."

"ಒಳ್ಳೇದು."

"ಅತ್ತೆ ತಿನ್ನಿಸಿದ್ಲು."

"ಏನು ತಿನ್ನಿಸಿದ್ರು?"

"ಮುದ್ದೆ. ಹುರುಳಿಕಾಳು ಸಾರು ಹಾಕಿ."

ಮತ್ತಿನ ಡಾಕ್ಟರು ಕೈಗವಸು ಬಿಚ್ಚಿದ್ರು. ಇವತ್ತು ಆಗಲ್ಲ, ನಾನು ಈ ಜವಾಬ್ದಾರಿ ತಗೊಳ್ಳಲ್ಲ ಅಂದ್ರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಮುದ್ದೆ ಅಂದ್ರೆ ಇಡ್ಲಿ ಅಲ್ಲ, ಹೊಟ್ಟೆಯಲ್ಲಿ ಸಂಜೆವರೆಗೂ ಅಲ್ಲಾಡದೆ ಕೂರುತ್ತೆ. ಅವರು ಮುಂದಿನ ಬಸ್ಸಿಗೇ ಹೊರಟುಹೋದ್ರು.

ನಮ್ಮ ಡಾಕ್ಟರು ಮೆಟ್ಟಿಲಿಳಿದು ಬಂದ ರೀತಿ ನೋಡಿ ವಾರ್ಡಿನ ರೋಗಿಗಳೆಲ್ಲ ಮುಸುಕು ಹಾಕಿಕೊಂಡ್ರು. ಗಂಡನ್ನ ಹಿಡಿದು ಬೈದ ಬೈಗುಳ ನಾನು ಇಲ್ಲಿ ಹೇಳಲ್ಲ. ಕೊನೆಗೆ, "ಇನ್ನೊಂದು ವಾರ! ಅಷ್ಟರಲ್ಲಿ ತೊಟ್ಟು ತಿರುಚಿಕೊಂಡ್ರೆ ನನ್ನ ಹತ್ರ ಕರ್ಕೊಂಡು ಬರಬೇಡ, ಹಂಗೇ ಮಣ್ಣಿಗೆ ತಗೊಂಡೋಗು!" ಅಂದ್ರು. ಎಂಥಾ ಮಾತು! ಡಾಕ್ಟರಾದ್ರೇನು, ಹಂಗೆಲ್ಲ ಅನ್ನಬಾರದು. ಅಂದುಬಿಟ್ರು.

ನಾನು ಅಜ್ಜಿಯನ್ನ ತರಾಟೆಗೆ ತಗೊಂಡೆ. "ಯಾಕಜ್ಜಿ ತಿನ್ನಿಸಿದೆ? ಏನೂ ಕೊಡಬೇಡ ಅಂತ ಮಗ ಹೇಳಲಿಲ್ವಾ?"

"ಹೇಳಿದ. ಬರಿ ಹೊಟ್ಟೇಲಿ ಯಾರನ್ನಾದ್ರೂ ಕತ್ತಿ ಬಾಯಿಗೆ ಕಳಿಸ್ತಾರಾ? ಹಸ್ಕೊಂಡು ಸತ್ರೆ ದೆವ್ವ ಆಗ್ತಾಳೆ. ದೆವ್ವ ಆದ್ರೆ ಎಲ್ಲಿಗೆ ಬರ್ತಾಳೆ? ನನ್ನ ಮನೆಗೇ ಬರ್ತಾಳೆ. ಇದ್ದಾಗಲೇ ಇವಳ ಕೂಡ ಸಾಕಾಗೈತೆ."

ಇಷ್ಟು ಹೇಳಿ ಗೋಡೆ ಕಡೆ ತಿರುಗಿಕೊಂಡಳು. ಮುದುಕಿಯ ಗದ್ದ ನಡುಗ್ತಿತ್ತು. ಸೊಸೆ ಸತ್ತುಹೋಗ್ತಾಳೆ ಅಂತ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ಅವಳೇ ಅಂತ ನನಗೆ ಆಗ ಗೊತ್ತಾಯ್ತು.

ಆಮೇಲೆ ಕುರಿ ಅಕ್ಕನ ಹತ್ರ ಹೋದೆ. ಅವಳನ್ನೂ ಬಿಡಲಿಲ್ಲ. "ಅವರಿಗೆ ಬುದ್ಧಿ ಇಲ್ಲ, ನಿನಗಾದ್ರೂ ಬೇಡವಾ? ನಾನು ಅಷ್ಟು ಹೇಳಿದ್ದೆನಲ್ಲ, ಬೇಡ ಅನ್ನೋಕಾಗಲಿಲ್ವಾ?"

"ಮದುವೆಯಾಗಿ ಇಷ್ಟು ವರ್ಷಕ್ಕೆ ಇವತ್ತೇ ಸಿಸ್ಟ್ರಮ್ಮ, ಅತ್ತೆ ಕೈಯಾರೆ ತಿನ್ನಿಸಿದ್ದು," ಅಂದಳು. "ಬ್ಯಾಡ ಅಂದಿದ್ರೆ ಇನ್ನೊಂದ್ಸಲ ತಿನ್ನಿಸ್ತಿದ್ಲಾ?"

ಗಂಡನ ಕೊರಳಲ್ಲಿ

ಆ ವಾರ ನಾನು ಹೆಂಗೆ ಕಳೆದೆನೋ ನನಗೇ ಗೊತ್ತು. ಬಾಗಿಲ ಹತ್ರ ಟೆಂಪೋ ನಿಂತ ಸದ್ದಾದ್ರೆ ಸಾಕು, ಅವಳನ್ನೇ ಹೊತ್ತು ತಂದ್ರೇನೋ ಅಂತ ಓಡಿಹೋಗಿ ನೋಡ್ತಿದ್ದೆ. ಅಕ್ಕಪಕ್ಕದ ರೋಗಿಗಳಿಗೂ ಅದೇ ಧ್ಯಾನ. ಪರಶುರಾಂಪುರದ ಕಡೆಯ ಅಪೆಂಡಿಕ್ಸ್ ಹುಡುಗಿ ಒಬ್ಬಳು ದಿನಾ ಕೇಳೋಳು, "ಸಿಸ್ಟ್ರೇ, ಮುದ್ದೆ ಅಕ್ಕ ಬದುಕಿದಾಳಾ?" ಅಂತ.

ಬದುಕಿದ್ದಳು. ಈ ಸಲ ನಾನು ಮಂಗಳವಾರವೇ ಹಾಸಿಗೆ ಖಾಲಿ ಮಾಡಿಸಿ ಇಟ್ಟಿದ್ದೆ. ಬಂದ ತಕ್ಷಣ ಅಜ್ಜಿಯ ಚೀಲ ತಪಾಸಣೆ ಮಾಡಿದೆ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಈರುಳ್ಳಿ, ಒಂದು ಡಬ್ಬಿ ತುಂಬ ಹುರಿದ ರಾಗಿಯ ಹುರಿಟ್ಟು. ಹುರಿಟ್ಟು ಯಾರಿಗೆ ಅಂದೆ. "ನನಗೆ ಹಲ್ಲಿಲ್ಲ" ಅಂದಳು. ಎಲ್ಲಾನೂ ತಗೊಂಡು ನನ್ನ ಬೀರುವಿಗೆ ಹಾಕಿ ಬೀಗ ಹಾಕಿದೆ. ನಿನಗೆ ಹಸಿವಾದಾಗ ಕೇಳು, ನನ್ನ ಮುಂದೆ ಕೂತು ತಿನ್ನು ಅಂದೆ. ಅಜ್ಜಿ ಇಡೀ ವಾರ್ಡಿಗೆ ಕೇಳೋ ಹಂಗೆ ನನ್ನ ವಂಶವನ್ನ ತೆಲುಗಲ್ಲಿ ತೊಳೆದಳು.

ಬುಧವಾರ ರಾತ್ರಿ ಊಟದ ಹೊತ್ತಿಗೆ ಸೊಸೆಗೆ ಗಂಜಿ ಕೊಟ್ಟು ಅಲ್ಲಿಗೆ ಊಟ ನಿಲ್ಲಿಸಿದೆ. ಗುರುವಾರ ಬೆಳಗ್ಗೆ ಅಜ್ಜಿಗೆ ಹುರಿಟ್ಟು ಕೊಡೋಕೆ ಹೋದ್ರೆ ಬೇಡ ಅಂತಾಳೆ. ನೀನು ತಿನ್ನಬಹುದು ಅಜ್ಜಿ, ನಿನಗೇನು ಆಪರೇಷನ್ನಾ ಅಂದೆ.

"ಅವಳು ಉಪವಾಸ ಇರಬೇಕಾದ್ರೆ ನಾನು ತಿಂದ್ರೆ ಊರಾಗೆ ಏನಂತಾರೆ? ಸೊಸೇನ ಕೊಯ್ಯೋಕೆ ಕೊಟ್ಟು ಅತ್ತೆ ಹುರಿಟ್ಟು ಮುಕ್ಕುತಿದ್ಲು ಅಂತಾರೆ."

ಊರು ಅಲ್ಲಿಂದ ಎಷ್ಟು ದೂರ! ಯಾರು ನೋಡೋಕೆ ಬರ್ತಾರೆ? ಆದ್ರೂ ತಿನ್ನಲಿಲ್ಲ ಮುದುಕಿ.

ಇನ್ನು ಒಡವೆ ಬಿಚ್ಚೋ ಕೆಲಸ. ಬಳೆ ಬಂತು, ಮೂಗುತಿ ಬಂತು, ಕಾಲುಂಗುರ ಸೋಪು ಹಾಕಿ ತಿಕ್ಕಿದ ಮೇಲೆ ಬಂತು. ತಾಳಿಗೆ ಕೈ ಹಾಕಿದೆ ನೋಡಿ, ಅಜ್ಜಿ ಕೋಲು ಎತ್ತಿಬಿಟ್ಟಳು. "ನನ್ನ ಮಗ ಇನ್ನೂ ಬದುಕಿದಾನೆ! ತಾಳಿ ಕೊರಳು ಬಿಟ್ಟು ಇಳೀಕೂಡದು."

ಬೇರೆ ಹೆಂಗಸರಿಗಾದ್ರೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿ ಸಮಾಧಾನ ಮಾಡ್ತಿದ್ವಿ. ಅಜ್ಜಿ ಅದಕ್ಕೂ ಒಪ್ಪಲಿಲ್ಲ. ಕೊರಳು ಬಿಟ್ಟು ಇಳೀಕೂಡದು ಅಂದ್ರೆ ಇಳೀಕೂಡದು, ಅಷ್ಟೇ. ಮೇಲೆ ಮತ್ತಿನ ಡಾಕ್ಟರು ಕಾಯ್ತಿದ್ದಾರೆ. ಈ ಗುರುವಾರವೂ ಹೋದ್ರೆ ಅವಳಿಗೆ ಇನ್ನೊಂದು ಗುರುವಾರ ಸಿಗುತ್ತೋ ಇಲ್ವೋ. ನನ್ನ ತಾಳ್ಮೆ ಮುಗೀತು.

"ಕೊರಳು ಬಿಟ್ಟು ಇಳೀಬಾರದು ತಾನೆ? ಯಾರ ಕೊರಳು ಅಂತ ಶಾಸ್ತ್ರದಲ್ಲಿ ಬರೆದೈತಾ?" ಅಂದವಳೇ ತಾಳಿ ತೆಗೆದು ಪಕ್ಕದಲ್ಲಿ ನಿಂತಿದ್ದ ಗಂಡನ ಕೊರಳಿಗೆ ಹಾಕಿಬಿಟ್ಟೆ.

ಅಜ್ಜಿ ಎತ್ತಿದ ಕೋಲು ಇಳಿಸಿದಳು. ಗಂಡ ಪಾಪ ಟವೆಲ್ಲು ಹೊದ್ದುಕೊಂಡು ಬೆಂಚಿನ ತುದಿಯಲ್ಲಿ ಮುದುರಿ ಕೂತ. ರೌಂಡ್ಸಿಗೆ ಬಂದ ನಮ್ಮ ಡಾಕ್ಟರು ಟವೆಲ್ಲಿನ ಸಂದಿಯಲ್ಲಿ ಕರಿಮಣಿ ನೋಡಿ ನಿಂತುಬಿಟ್ರು. ನನ್ನ ಕಡೆ ತಿರುಗಿ, "ಸಿಸ್ಟರ್, ಇವರಿಬ್ಬರಲ್ಲಿ ಮೇಲಕ್ಕೆ ಯಾರನ್ನ ತರಬೇಕು ಅನ್ನೋದು ನೆನಪಿರಲಿ" ಅಂದು ಹೋದ್ರು.

ಗಂಡನಿಗೆ ಅದ್ಯಾವುದೂ ಕೇಳಿಸಿರಲಿಲ್ಲ. ಕತ್ತು ಕೆರೆದುಕೊಳ್ತಾ ನನ್ನ ಕರೆದು ಮೆಲ್ಲಗೆ ಹೇಳಿದ: "ಸಿಸ್ಟ್ರಮ್ಮ, ಇದು ಬಲು ಕಡೀತೈತೆ ಕಣ್ರಿ. ಇವಳು ಇಷ್ಟು ವರ್ಷ ಹೆಂಗೆ ಹಾಕ್ಕೊಂಡಿದ್ಲು?"

ಅಲ್ಲಾಡಬೇಡ

ಒಂದು ಮಾತು ಈಗಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ನೀವು ಅದಕ್ಕೇ ಕಾಯ್ತಾ ನಗೋದನ್ನ ಮರೀತೀರಿ. ಅವಳು ಆಪರೇಷನ್ ಮೇಜಿನ ಮೇಲೆ ಸಾಯಲಿಲ್ಲ. ಗಡ್ಡೆ ಬಂತು. ಆದ್ರೆ ಅದು ಕೆಟ್ಟ ಗಡ್ಡೆ, ಬೇರು ಎಲ್ಲೆಲ್ಲೋ ಇಳಿದಿತ್ತು. ಎರಡು ಶೇಂಗಾ ಸುಗ್ಗಿ ನೋಡಿದಳು, ಮಗಳ ಮದುವೆ ಮಾಡಿದಳು, ಆಮೇಲೆ ಮನೆಯಲ್ಲೇ ಹೋದಳು. ಸುದ್ದಿ ಹೇಳೋಕೆ ಅಜ್ಜಿಯೇ ಬಸ್ಸು ಹತ್ತಿ ಬಂದಿದ್ದಳು. ನಾನು ಅತ್ತುಬಿಟ್ಟೆ. ಎರಡು ದಿನ ಮುದ್ದೆ ಮುಟ್ಟೋಕೆ ಆಗಲಿಲ್ಲ ನನಗೆ.

ಆ ಗುರುವಾರ ಮಾತ್ರ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಡಾಕ್ಟರು ಒಪ್ಪಿಗೆ ಕಾಗದ ಹಿಡ್ಕೊಂಡು ಬಂದು ಗಂಡನಿಗೆ ಹೇಳಿದ್ರು, ಜೀವಕ್ಕೆ ಅಪಾಯ ಐತೆ, ಒಪ್ಪಿಗೆ ಇದ್ರೆ ಒತ್ತು ಅಂತ. ಗಂಡ ಅವ್ವನ ಮುಖ ನೋಡಿದ. ಅವ್ವ ತಲೆ ಆಡಿಸಿದಳು. ಗಂಡ ಹೆಬ್ಬೆಟ್ಟು ಒತ್ತಿದ. ಪಕ್ಕದಲ್ಲೇ ಸ್ಟ್ರೆಚರ್ ಮೇಲೆ ಮಲಗಿದ್ದ ಅವಳು ಸೂರು ನೋಡ್ತಾ ಇದ್ದಳು. ಅವಳನ್ನ ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆ ಕಾಲದಲ್ಲಿ ಯಾರು ಕೇಳ್ತಿದ್ರು?

ನಾಲ್ಕು ಜನ ಸ್ಟ್ರೆಚರ್ ಎತ್ತಿ ಮೆಟ್ಟಿಲ ಕಡೆ ಹೊರಟ್ರು. ಅವಳು ಅಲ್ಲಿಂದಲೇ ಕೂಗಿದಳು: "ಲೇ ತಮ್ಮಗಳಿರಾ, ಕಾಲು ಮುಂದೆ ಮಾಡಿ ಒಯ್ಯೋದು ಹೆಣಾನ. ನಾನಿನ್ನೂ ಐದೀನಿ, ತಿರುಗಿಸ್ರೋ!" ಇಕ್ಕಟ್ಟು ಮೆಟ್ಟಿಲಲ್ಲಿ ಆ ಸ್ಟ್ರೆಚರ್ ತಿರುಗಿಸೋಕೆ ನಾಲ್ಕೂ ಜನರ ಬೆವರು ಇಳೀತು.

ಥಿಯೇಟರಲ್ಲಿ ಅವಳನ್ನ ಮೇಜಿನ ಅಂಚಿಗೆ ಕೂರಿಸಿದ್ವಿ. ಬೆನ್ನಿಗೆ ಮತ್ತಿನ ಸೂಜಿ ಕೊಡೋದು, ಸೊಂಟದಿಂದ ಕೆಳಗೆ ಮರಗಟ್ಟುತ್ತೆ, ಮೇಲೆ ಎಚ್ಚರ ಇರುತ್ತೆ. ಅದಕ್ಕೆ ರೋಗಿ ಮುಂದಕ್ಕೆ ಬಾಗಿ ಕೂರಬೇಕು, ಬೆನ್ನು ಬಿಲ್ಲಿನ ಹಂಗೆ ಮಾಡಬೇಕು. ನಾನು ಎದುರಿಗೆ ನಿಂತು ಅವಳ ಎರಡೂ ಭುಜ ಹಿಡ್ಕೊಂಡೆ. ಅವಳ ಹಣೆ ನನ್ನ ಹೆಗಲ ಮೇಲೆ. ಇಷ್ಟು ದಿನ ನಗಿಸಿದವಳ ಎದೆ ಡವಡವ ಅಂತ ಹೊಡ್ಕೊಳ್ತಿದ್ದದ್ದು ನನಗೆ ತಿಳೀತಿತ್ತು.

"ನೋಡಮ್ಮ, ಅಲ್ಲಾಡಬಾರದು. ಒಂದಿಷ್ಟೂ ಅಲ್ಲಾಡಬಾರದು," ಅಂದ್ರು ಮತ್ತಿನ ಡಾಕ್ಟರು. ಅಂದು, ಬೆನ್ನು ಒರೆಸೋಕೆ ಸ್ಪಿರಿಟ್ ಹತ್ತಿ ಇಟ್ರು. ಧನುರ್ಮಾಸದ ಬೆಳಗು. ಸ್ಪಿರಿಟ್ ಐಸ್ ಆಗಿತ್ತು. ಬೆನ್ನಿನ ಮೇಲಿಂದ ಅದು ಇಳಿದಿದ್ದೇ ತಡ, ಅವಳ ಇಡೀ ಮೈ ಗಡಗಡ ಅಂತ ಅದುರಿಹೋಯ್ತು. ನಾನು ಹಿಡಿದ ಹಿಡಿತವೇ ತಪ್ಪಿತು.

"ಅಲ್ಲಾಡಬೇಡ ಅಂತ ಹೇಳಿದ್ದು ಕೇಳಿಸಲಿಲ್ವಾ!" ಅಂತ ನಮ್ಮ ಡಾಕ್ಟರು ಗುಡುಗಿದ್ರು.

ಅವಳು ನನ್ನ ಹೆಗಲಿಂದ ತಲೆ ಎತ್ತಿದಳು. ಮುಖದಲ್ಲಿ ನಗು. "ಅಲ್ಲಾಡಿದ್ದೇ ಒಳ್ಳೇದಾತು ಸಾಮಿ. ಈಗ ಒಪ್ಪಿಗೆ ಕೊಟ್ಟಂಗಾತು. ಹಾಕ್ರಿ ಕತ್ತಿ."

"ಯಾವ ಒಪ್ಪಿಗೆ? ನಿನ್ನ ಗಂಡ ಕೆಳಗೆ ಹೆಬ್ಬೆಟ್ಟು ಒತ್ತಿದಾನಲ್ಲ?"

"ಅದು ಅವನ ಹೆಬ್ಬೆಟ್ಟು. ನಮ್ಮಾಗೆ ದೇವರಿಗೆ ಕುರಿ ಕಡಿಯೋ ಮುಂಚೆ ಅದರ ಬೆನ್ನ ಮೇಲೆ ಒಂದು ಚೊಂಬು ತಣ್ಣೀರು ಹುಯ್ತಾರೆ ಸಾಮಿ. ಕುರಿ ಮೈ ಕೊಡವಿದ್ರೆ ಅದು ಒಪ್ಕೊಂಡಂಗೆ. ಅದು ಕೊಡವೋಗಂಟ ಯಾರೂ ಕತ್ತಿ ಮುಟ್ಟಂಗಿಲ್ಲ. ಕುರಿ ಯಜಮಾನ ಹೆಬ್ಬೆಟ್ಟು ಒತ್ತಿದ್ರೆ ನಡೆಯಂಗಿಲ್ಲ."

ಮತ್ತಿನ ಡಾಕ್ಟರು ಸೂಜಿ ಹಿಡ್ಕೊಂಡು ಹಂಗೇ ನಿಂತ್ರು. ನನಗೆ ನಗು ಬಂತು. ನಮ್ಮ ಡಾಕ್ಟರು ಗವಸು ಹಾಕಿದ ಕೈಗಳನ್ನ ಮೇಲೆ ಎತ್ತಿಕೊಂಡೇ ಸುತ್ತು ಹಾಕಿ ಅವಳ ಎದುರಿಗೆ ಬಂದ್ರು. ಇಷ್ಟು ವಾರದಲ್ಲಿ ಅವರು ಅವಳ ಹೊಟ್ಟೆ ನೋಡಿದ್ರು, ಫಿಲ್ಮು ನೋಡಿದ್ರು, ಮುಖ ನೋಡಿದ್ದು ಅವತ್ತೇ ಮೊದಲು.

"ಅಮ್ಮಾ," ಅಂದ್ರು. ಆ ಬಾಯಲ್ಲಿ ಆ ಮಾತು ನಾನು ಕೇಳಿಯೇ ಇರಲಿಲ್ಲ. "ನಿನ್ನನ್ನ ನಾನು ಮೊದಲೇ ಕೇಳಬೇಕಿತ್ತು. ಈಗ ಕೇಳ್ತಿದೀನಿ. ಬೇಡ ಅನ್ಸಿದ್ರೆ ಹೇಳು. ಈಗಲೂ ಕೆಳಗಿಳಿಸಿ ಮನೆಗೆ ಕಳಿಸ್ತೀನಿ. ಯಾರೂ ನಿನ್ನ ಬೈಯಲ್ಲ."

ಸುಮ್ಮನೆ ಹೇಳಿದ ಮಾತಲ್ಲ ಅದು. ಅವಳು ಹೂಂ ಅಂದಿದ್ರೆ ನಿಜವಾಗಿಯೂ ಕಳಿಸಿಬಿಡೋರು. ನಾನು ಅವಳ ಭುಜ ಇನ್ನೂ ಗಟ್ಟಿಯಾಗಿ ಹಿಡ್ಕೊಂಡೆ. ಅವಳು ಡಾಕ್ಟರ ಮುಖ ನೋಡಿದಳು.

"ಸಾಮಿ, ಕುರಿ ಮೈ ಕೊಡವದಿದ್ರೆ ಏನ್ ಮಾಡ್ತಾರೆ ಅನ್ಕೊಂಡ್ರಿ?"

"ಏನು ಮಾಡ್ತಾರೆ? ಬಿಟ್ಟುಬಿಡ್ತಾರಾ?"

"ಎಲ್ಲಿ ಬಿಡ್ತಾರೆ ಸಾಮಿ," ಅಂದಳು ಅವಳು, ಮತ್ತೆ ಬೆನ್ನು ಬಾಗಿಸಿ ನನ್ನ ಹೆಗಲಿಗೆ ಹಣೆ ಕೊಡ್ತಾ. "ಇನ್ನೊಂದು ಚೊಂಬು ಹುಯ್ತಾರೆ."